ಬಟ್ಟೆ ತೊಳೆಯುವ ಯಂತ್ರ ಕೆಟ್ಟಾಗ: ದುರಸ್ತಿಯೇ, ಹೊಸ ಖರೀದಿಯೇ? (ಗ್ರಾಹಕರ ಮಾಹಿತಿಗಾಗಿ)

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಹಾಗೂ ಅದರಂತಹ ಕೃಷಿಪ್ರಧಾನ ಗ್ರಾಮಗಳಲ್ಲಿ ಬಟ್ಟೆ ತೊಳೆಯುವ ಯಂತ್ರವು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಅರಿಶಿನ, ಬಾಳೆ, ಚೆಂಡುಹೂವಿನ ಹೊಲಗಳಲ್ಲಿ ದುಡಿದು ಬರುವ ಕುಟುಂಬದ ಬಟ್ಟೆಗಳ ಕೆಂಪು ಮಣ್ಣನ್ನು ಕೈಯಿಂದ ತೊಳೆಯಲು ತಗಲುವ ಶ್ರಮವನ್ನು ಬಲ್ಲವರು ಇದನ್ನು ಆಡಂಬರದ ವಸ್ತುವೆಂದು ಕರೆಯಲಾರರು. ಆದರೆ ಯಂತ್ರವು ಐದಾರು ವರ್ಷಗಳ ನಂತರ ಕೆಟ್ಟು ನಿಂತಾಗ, ಅದನ್ನು ದುರಸ್ತಿ ಮಾಡಿಸಬೇಕೇ ಅಥವಾ ಹೊಸದನ್ನು ಕೊಳ್ಳಬೇಕೇ ಎಂಬ ನಿರ್ಧಾರವನ್ನು ಬಹುತೇಕ ಕುಟುಂಬಗಳು ಮೆಕ್ಯಾನಿಕ್ ಅಥವಾ ಅಂಗಡಿಯವರ ಮಾತಿನ ಮೇಲೆ ಬಿಡುತ್ತಿರುವುದು ಕಂಡುಬರುತ್ತದೆ. ಇವರಿಬ್ಬರಿಗೂ ಅವರವರ ವ್ಯಾಪಾರದ ಹಿತಾಸಕ್ತಿ ಇರುವುದು ಸಹಜ. ಗ್ರಾಹಕರು ತಾವೇ ಲೆಕ್ಕ ಹಾಕಿ ತೀರ್ಮಾನಿಸಲು ಅನುಕೂಲವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2023ರ ಆಗಸ್ಟ್ ತಿಂಗಳಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ಮಾಸಿಕ ರೂ. 2,000 ನಿಗದಿಪಡಿಸಲಾಗಿದೆ. ಈ ಮೊತ್ತದಲ್ಲಿ ಅಳೆದರೆ ರೂ. 12,000 ಬೆಲೆಯ ಯಂತ್ರವೊಂದು ಆರು ಕಂತುಗಳಿಗೆ ಸಮ. ಅವಸರದ ಒಂದು ತೀರ್ಮಾನದಿಂದ ಅರ್ಧ ವರ್ಷದ ಹಣ ಕೈಬಿಡಬಹುದು ಎಂಬುದನ್ನು ಗಮನದಲ್ಲಿರಿಸಿಕೊಳ್ಳುವುದು ಸೂಕ್ತ.

ಮೊದಲು ‘ಡ್ರೈಯರ್’ ಎಂಬ ಪದದ ಬಗ್ಗೆ

ನಮ್ಮಲ್ಲಿ ಎರಡು ತೊಟ್ಟಿಗಳ ಅರೆ ಸ್ವಯಂಚಾಲಿತ ಯಂತ್ರದ ಸಣ್ಣ ತೊಟ್ಟಿಯನ್ನು ‘ಡ್ರೈಯರ್’ ಎಂದು ಕರೆಯುವುದು ರೂಢಿಯಲ್ಲಿದೆ. ವಾಸ್ತವವಾಗಿ ಅದು ಬಟ್ಟೆಯನ್ನು ವೇಗವಾಗಿ ತಿರುಗಿಸಿ ನೀರನ್ನು ಹೊರದೂಡುವ ಹಿಂಡುವ ತೊಟ್ಟಿಯೇ ಹೊರತು ಒಣಗಿಸುವ ಸಾಧನವಲ್ಲ. ನಿಜವಾದ ಡ್ರೈಯರ್ ಎಂದರೆ ಬಿಸಿ ಗಾಳಿಯಿಂದ ಬಟ್ಟೆಯ ನೀರನ್ನು ಆವಿ ಮಾಡುವ ಯಂತ್ರ. ಈ ಎರಡರ ವಿದ್ಯುತ್ ಬಳಕೆಗೆ ಅಜಗಜಾಂತರ ವ್ಯತ್ಯಾಸವಿದೆ. ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು ಮೂರನೇ ಎರಡು ಯೂನಿಟ್ ಶಕ್ತಿ ಅಗತ್ಯ. ಹಿಂಡಿದ ನಂತರವೂ ಐದು ಕಿಲೋ ಹತ್ತಿ ಬಟ್ಟೆಯಲ್ಲಿ ಎರಡೂವರೆಯಿಂದ ಮೂರು ಲೀಟರ್ ನೀರು ಉಳಿದಿರುತ್ತದೆ. ಆದ್ದರಿಂದ ಹೀಟರ್ ಬಳಸುವ ಸಾಮಾನ್ಯ ಡ್ರೈಯರ್ ಪ್ರತಿ ಬಾರಿಗೆ ಎರಡು ಯೂನಿಟ್ ಅಥವಾ ಅದಕ್ಕಿಂತ ಹೆಚ್ಚು ಸೆಳೆಯುವುದು ಅನಿವಾರ್ಯ. ಇಷ್ಟೇ ಬಟ್ಟೆಯನ್ನು ಹಿಂಡುವ ತೊಟ್ಟಿಯಲ್ಲಿ ಐದು ನಿಮಿಷ ತಿರುಗಿಸಲು ತಗಲುವ ವಿದ್ಯುತ್ತು ಲೆಕ್ಕಕ್ಕೆ ಸಿಗದಷ್ಟು ಅಲ್ಪ.

ಗುಂಡ್ಲುಪೇಟೆ ಪ್ರದೇಶವು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದ್ದು, ವರ್ಷದ ಬಹುಪಾಲು ದಿನಗಳಲ್ಲಿ ಬಿಸಿಲು ದೊರೆಯುತ್ತದೆ. ಇಲ್ಲಿ ಬಿಸಿ ಗಾಳಿಯ ಡ್ರೈಯರ್‌ಗೆ ಹಣ ಹೂಡುವುದು ಅನಗತ್ಯವೆಂದೇ ಹೇಳಬಹುದು. ಕೊಡಗು ಅಥವಾ ಕರಾವಳಿಯ ಮಳೆಗಾಲದ ವಿಷಯ ಬೇರೆ.

ದೋಷ ಯಾವುದೆಂದು ತಿಳಿಯದೆ ತೀರ್ಮಾನವಿಲ್ಲ

‘ಮೋಟಾರು ಹೋಗಿದೆ’ ಎಂಬುದು ಸಾಮಾನ್ಯವಾಗಿ ಮೊದಲು ಕೇಳಿಬರುವ ಮಾತು. ಅದನ್ನು ಹಾಗೆಯೇ ಒಪ್ಪತಕ್ಕದ್ದಲ್ಲ. ಯಂತ್ರವು ‘ಗುಂಯ್’ ಎಂದು ಸದ್ದು ಮಾಡುತ್ತಾ ತಿರುಗದೆ ಇದ್ದಲ್ಲಿ, ಬಹಳಷ್ಟು ಸಂದರ್ಭಗಳಲ್ಲಿ ದುರ್ಬಲಗೊಂಡಿರುವುದು ಮೋಟಾರಿಗೆ ಆರಂಭದ ಬಲ ನೀಡುವ ಕೆಪಾಸಿಟರ್ ಆಗಿರುತ್ತದೆ. ಅದರ ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಬೆಲ್ಟ್ ಸಡಿಲವಾಗಿದ್ದರೂ, ತಿರುಗುವ ಚಕ್ರದ ಕೆಳಗೆ ನಾಣ್ಯ ಅಥವಾ ಗುಂಡಿ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ ಕಾಣಿಸಬಹುದು.

ಮತ್ತೊಂದು ಕಾರಣ ಯಂತ್ರದ ಹೊರಗೇ ಇರುತ್ತದೆ. ಇಂತಹ ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ 230 ವೋಲ್ಟ್ ಬರಬೇಕಾದಲ್ಲಿ 180 ವೋಲ್ಟ್ ಬಂದರೆ ಬಲವು ಸುಮಾರು ಶೇಕಡ 61ಕ್ಕೆ ಕುಸಿಯುತ್ತದೆ. ವೋಲ್ಟೇಜ್ ಇಳಿದ ವೇಳೆಯಲ್ಲಿ ತುಂಬಿದ ತೊಟ್ಟಿ ತಿರುಗದೆ, ರಾತ್ರಿ ಹತ್ತರ ನಂತರ ಸರಾಗವಾಗಿ ತಿರುಗಿದರೆ ಯಂತ್ರ ಕೆಟ್ಟಿಲ್ಲವೆಂದೇ ಅರ್ಥ. ಇಂತಹ ಪ್ರಕರಣಗಳಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸಹಾಯವಾಣಿ 1912ಕ್ಕೆ ದೂರು ದಾಖಲಿಸುವುದು ಯಾವುದೇ ಬಿಡಿಭಾಗ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ. ಹೊಸ ಯಂತ್ರ ತಂದರೂ ಅದೇ ವೋಲ್ಟೇಜಿನಲ್ಲಿ ಅದೂ ನಿಲ್ಲುತ್ತದೆ.

ಅರೆ ಸ್ವಯಂಚಾಲಿತ ಯಂತ್ರದಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹಿಂಡುವ ತೊಟ್ಟಿ. ಅದರ ಕೆಳಭಾಗದ ರಬ್ಬರ್ ಸೀಲ್ ಸವೆದು ನೀರು ತೊಟ್ಟಿಕ್ಕಿ, ಕೆಳಗಿರುವ ಮೋಟಾರಿನ ಬುಷ್‌ಗಳು ತುಕ್ಕು ಹಿಡಿದು ಬಿಗಿಯಾಗುತ್ತವೆ. ಸೀಲ್ ಸೋರುತ್ತಿರುವ ಹಂತದಲ್ಲಿಯೇ ಬದಲಿಸಿದರೆ ಅಲ್ಪ ಖರ್ಚು. ‘ಹೇಗೂ ತಿರುಗುತ್ತಿದೆಯಲ್ಲ’ ಎಂದು ಬಿಟ್ಟರೆ ಮೋಟಾರನ್ನೇ ಬದಲಿಸಬೇಕಾಗುತ್ತದೆ. ಸೀಲ್ ಬದಲಿಸದೆ ಮೋಟಾರು ಮಾತ್ರ ಹೊಸದು ಹಾಕುವ ದುರಸ್ತಿ ನಿಷ್ಪ್ರಯೋಜಕ, ಏಕೆಂದರೆ ಹೊಸ ಮೋಟಾರಿನ ಮೇಲೂ ಅದೇ ನೀರು ಬೀಳುತ್ತದೆ. ಬ್ರೇಕ್ ತಂತಿ ಸಡಿಲವಾಗುವುದು, ಮುಚ್ಚಳದ ಸುರಕ್ಷಾ ಸ್ವಿಚ್ ಕೆಡುವುದು, ಟೈಮರ್ ನಿಲ್ಲುವುದು ಇವೆಲ್ಲ ಸಣ್ಣ ದೋಷಗಳು. ತಾಲ್ಲೂಕು ಕೇಂದ್ರದ ಮಟ್ಟದಲ್ಲಿಯೇ ಸರಿಪಡಿಸಲು ಸಾಧ್ಯವಾಗುವಂತಹವು.

ಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ನೀರು ಒಳಬಿಡುವ ಕವಾಟ ಮತ್ತು ಹೊರಹಾಕುವ ಪಂಪ್ ಬದಲಿಸುವುದು ಸುಲಭ. ದುಬಾರಿ ದೋಷಗಳು ಎರಡು: ನಿಯಂತ್ರಣ ಫಲಕ, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್, ಹಾಗೂ ಮುಂಭಾಗದಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ಡ್ರಮ್ಮಿನ ಬೇರಿಂಗ್. ಡ್ರಮ್ ತಿರುಗುವಾಗ ವಿಮಾನ ಹಾರುವಂತಹ ಸದ್ದು ಬಂದರೆ ಬೇರಿಂಗ್ ಹೋಗಿದೆಯೆಂದು ತಿಳಿಯಬಹುದು. ಇದನ್ನು ಬದಲಿಸಲು ಯಂತ್ರವನ್ನು ಪೂರ್ಣವಾಗಿ ಬಿಚ್ಚಬೇಕಾಗುತ್ತದೆ. ಹಳ್ಳಿಗಳಲ್ಲಿ ಇಲಿಗಳು ಯಂತ್ರದ ತಳಭಾಗದಿಂದ ನುಗ್ಗಿ ತಂತಿ ಕಡಿಯುವುದೂ ಸಾಮಾನ್ಯ. ಇದು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕಂಪನಿಗಳು ಸಾಮಾನ್ಯವಾಗಿ ಷರತ್ತಿನಲ್ಲಿಯೇ ನಮೂದಿಸಿರುತ್ತವೆ. ತಳಕ್ಕೆ ಜಾಲರಿ ಹಾಕಿಸುವುದು ಅತಿ ಅಗ್ಗದ ಪರಿಹಾರ.

ಒಂದು ದೋಷದಲ್ಲಿ ಮಾತ್ರ ಲೆಕ್ಕಾಚಾರಕ್ಕೆ ಅವಕಾಶವಿಲ್ಲ. ಯಂತ್ರ ಮುಟ್ಟಿದಾಗ ಶಾಕ್ ಹೊಡೆದರೆ ತಕ್ಷಣ ಬಳಕೆ ನಿಲ್ಲಿಸತಕ್ಕದ್ದು. ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಬೇಕು. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇಲ್ಲದಿರುವ ನಿದರ್ಶನಗಳಿವೆ. ಅರ್ಥಿಂಗ್ ಸರಿಪಡಿಸುವುದರಿಂದ ದೇಹಕ್ಕೆ ಶಾಕ್ ತಗಲುವುದು ತಪ್ಪಬಹುದಾದರೂ ಒಳಗಿನ ಸೋರಿಕೆ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಸೋರಿಕೆಯ ಮೂಲವನ್ನು ಹುಡುಕಿಸಲೇಬೇಕು. ತಳದ ಕಬ್ಬಿಣ ಪೂರ್ತಿ ತುಕ್ಕು ಹಿಡಿದು, ಮೂಲ ಪತ್ತೆಯಾಗದ ಯಂತ್ರವನ್ನು ಯಾವ ಬೆಲೆಗೂ ಉಳಿಸಿಕೊಳ್ಳುವುದು ಸರಿಯಲ್ಲ.

ಲೆಕ್ಕ ಹಾಕುವ ವಿಧಾನ

ದುರಸ್ತಿ ವೆಚ್ಚವು ಹೊಸ ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚಾದರೆ ಹೊಸದನ್ನು ಕೊಳ್ಳಬೇಕೆಂಬ ಸೂತ್ರ ಪ್ರಚಲಿತದಲ್ಲಿದೆ. ಇದು ಸ್ಥೂಲವಾದುದು. ಎರಡು ವರ್ಷದ ಯಂತ್ರಕ್ಕೂ ಹತ್ತು ವರ್ಷದ ಯಂತ್ರಕ್ಕೂ ಒಂದೇ ಸೂತ್ರ ಅನ್ವಯವಾಗದು. ಅದಕ್ಕಿಂತ ವರ್ಷವಾರು ವೆಚ್ಚವನ್ನು ಹೋಲಿಸುವುದು ಉತ್ತಮ. ಹೊಸ ಯಂತ್ರದ ನಿವ್ವಳ ಬೆಲೆಯನ್ನು, ಅಂದರೆ ಹಳೆಯದಕ್ಕೆ ದೊರೆಯುವ ವಿನಿಮಯ ಮೊತ್ತವನ್ನು ಕಳೆದು ಉಳಿಯುವ ಬೆಲೆಯನ್ನು, ಅದು ಬಾಳುವ ನಿರೀಕ್ಷಿತ ವರ್ಷಗಳಿಂದ ಭಾಗಿಸಬೇಕು. ದುರಸ್ತಿಯ ಒಟ್ಟು ವೆಚ್ಚವನ್ನು ಆ ಮೊತ್ತದಿಂದ ಭಾಗಿಸಿದರೆ, ದುರಸ್ತಿಯಾದ ಯಂತ್ರ ಕನಿಷ್ಠ ಎಷ್ಟು ಕಾಲ ನಡೆದರೆ ನಷ್ಟವಿಲ್ಲ ಎಂಬುದು ತಿಳಿಯುತ್ತದೆ.

ಉದಾಹರಣೆಗಾಗಿ ಮಾತ್ರ ಈ ಅಂಕಿಗಳನ್ನು ಪರಿಶೀಲಿಸಬಹುದು. ಏಳು ವರ್ಷದ ಅರೆ ಸ್ವಯಂಚಾಲಿತ ಯಂತ್ರದ ಹಿಂಡುವ ಮೋಟಾರು ಮತ್ತು ಸೀಲ್ ಬದಲಿಸಲು ರೂ. 2,400 ಆಗುತ್ತದೆಂದು ಭಾವಿಸೋಣ. ಹೊಸದರ ಬೆಲೆ ರೂ. 12,000, ವಿನಿಮಯ ರೂ. 1,000, ಬಾಳಿಕೆ ಎಂಟು ವರ್ಷ. ಹೊಸದರ ವಾರ್ಷಿಕ ವೆಚ್ಚ 11,000 ಭಾಗಿಸು 8, ಅಂದರೆ ರೂ. 1,375. ದುರಸ್ತಿಯಾದ ಯಂತ್ರ 21 ತಿಂಗಳು ನಡೆದರೆ ಸಾಕು, ಹಾಕಿದ ಹಣ ಸಂದಾಯವಾದಂತೆ. ತೊಳೆಯುವ ತೊಟ್ಟಿ ಮತ್ತು ತಳಭಾಗ ಗಟ್ಟಿಯಾಗಿದ್ದರೆ ದುರಸ್ತಿಯೇ ಲಾಭದಾಯಕ.

ಇದಕ್ಕೆ ಪ್ರತಿಯಾಗಿ, ಒಂಬತ್ತು ವರ್ಷದ ಮುಂಭಾಗ ಬಾಗಿಲಿನ ಯಂತ್ರದ ಬೇರಿಂಗ್, ಗ್ಯಾಸ್ಕೆಟ್, ಕೂಲಿ ಹಾಗೂ ಸಾಗಾಣಿಕೆಗೆ ಒಟ್ಟು ರೂ. 11,000 ಎಂದಾದರೆ, ಹೊಸದರ ಬೆಲೆ ರೂ. 30,000, ವಿನಿಮಯ ರೂ. 2,000, ಬಾಳಿಕೆ ಹತ್ತು ವರ್ಷ ಎಂದು ಹಿಡಿದಾಗ ವಾರ್ಷಿಕ ವೆಚ್ಚ ರೂ. 2,800. ದುರಸ್ತಿಯಾದ ಯಂತ್ರವು ಸುಮಾರು ನಾಲ್ಕು ವರ್ಷ ನಡೆಯಬೇಕಾಗುತ್ತದೆ. ಹದಿಮೂರನೆಯ ವರ್ಷದವರೆಗೆ ಅದರ ಎಲೆಕ್ಟ್ರಾನಿಕ್ ಬೋರ್ಡ್ ಕೆಡದೆ ಉಳಿಯುವ ಭರವಸೆ ಯಾರೂ ಕೊಡಲಾರರು. ಇಲ್ಲಿ ಹೊಸ ಖರೀದಿಯೇ ಸೂಕ್ತ.

ಸಾಗಾಣಿಕೆಯನ್ನು ಲೆಕ್ಕದಿಂದ ಬಿಡಬಾರದು. ಮೆಕ್ಯಾನಿಕ್ ಅನ್ನು ಗುಂಡ್ಲುಪೇಟೆಯಿಂದ ಮನೆಗೆ ಕರೆಸಿಕೊಳ್ಳುವುದಕ್ಕೂ, ಯಂತ್ರವನ್ನು ಸುಮಾರು 60 ಕಿ.ಮೀ. ದೂರದ ಮೈಸೂರಿಗೆ ಗಾಡಿಯಲ್ಲಿ ಹೇರಿ ಕಳುಹಿಸುವುದಕ್ಕೂ ವೆಚ್ಚದಲ್ಲಿ ಬಹಳ ಅಂತರವಿದೆ. ಕಂಪನಿಯ ಸೇವಾ ಪ್ರತಿನಿಧಿ ತಮ್ಮ ಊರಿಗೆ ಬರುತ್ತಾರೆಯೇ, ಬಂದರೆ ಭೇಟಿ ಶುಲ್ಕವೆಷ್ಟು, ದೋಷ ಸರಿಯಾಗದಿದ್ದರೂ ಆ ಶುಲ್ಕ ಕೊಡಬೇಕೇ ಎಂಬುದನ್ನು ದೂರವಾಣಿಯಲ್ಲಿಯೇ ಕೇಳಿಕೊಳ್ಳುವುದು ಒಳಿತು. ಯಂತ್ರ ಹೊರಗಿರುವ ಎರಡು ಮೂರು ವಾರ ಬಟ್ಟೆ ತೊಳೆಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆ ಶ್ರಮಕ್ಕೂ ಬೆಲೆಯಿದೆ. ಲೆಕ್ಕ ಸಮಸಮವಾಗಿ ಬಂದಾಗ ಬೇಗ ಮುಗಿಯುವ ದಾರಿಯನ್ನು ಆರಿಸುವುದು ನ್ಯಾಯ.

ಹಿಂದೆ ಮಾಡಿದ ದುರಸ್ತಿಯ ಖರ್ಚನ್ನು ಈ ಲೆಕ್ಕಕ್ಕೆ ತರತಕ್ಕದ್ದಲ್ಲ. ‘ಹೋದ ವರ್ಷ ಎರಡು ಸಾವಿರ ಹಾಕಿದ್ದೇವೆ, ಈಗ ಬಿಡುವುದು ಹೇಗೆ’ ಎಂಬ ಮಾತು ಸಹಜವಾದರೂ, ಆ ಹಣ ಯಾವ ತೀರ್ಮಾನದಿಂದಲೂ ಮರಳುವುದಿಲ್ಲ. ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲಿ ಇದೂ ಒಂದು; ಮನೆಯ ವ್ಯವಹಾರದಲ್ಲಿ ಅತಿ ಹೆಚ್ಚು ಮರೆಯುವ ಪಾಠವೂ ಇದೇ.

ವಿದ್ಯುತ್ ಉಳಿತಾಯದ ಮಾತು

ಹೊಸ ಯಂತ್ರ ಕೊಂಡರೆ ಕರೆಂಟು ಉಳಿಯುತ್ತದೆ ಎಂಬ ಪ್ರಚಾರವನ್ನು ಸಂಖ್ಯೆಗಳಲ್ಲಿ ನೋಡಬೇಕು. ತಣ್ಣೀರಿನಲ್ಲಿ ತೊಳೆಯುವ ಯಂತ್ರವು ಪ್ರತಿ ಬಾರಿಗೆ ಸುಮಾರು ಕಾಲು ಯೂನಿಟ್ ಬಳಸುತ್ತದೆಂದು ಹಿಡಿದರೆ, ವಾರಕ್ಕೆ ನಾಲ್ಕು ಬಾರಿಯಂತೆ ವರ್ಷಕ್ಕೆ 52 ಯೂನಿಟ್. ಯೂನಿಟ್‌ಗೆ ರೂ. 6ರಂತೆ ಲೆಕ್ಕ ಹಾಕಿದರೂ ರೂ. 312. ಹೊಸ ಯಂತ್ರ ಇದನ್ನು ಅರ್ಧಕ್ಕೆ ಇಳಿಸಿದರೂ ವಾರ್ಷಿಕ ಉಳಿತಾಯ ರೂ. 156 ಮಾತ್ರ. ದಿನವಿಡೀ ಚಾಲನೆಯಲ್ಲಿರುವ ರೆಫ್ರಿಜಿರೇಟರ್‌ಗೆ ಅನ್ವಯವಾಗುವ ನಕ್ಷತ್ರ ಗುರುತಿನ ವಾದವನ್ನು ಇಲ್ಲಿ ಅದೇ ತೂಕದಲ್ಲಿ ಬಳಸಲಾಗದು. ಹೊಸದನ್ನು ಕೊಳ್ಳುವುದೆಂದು ಈಗಾಗಲೇ ತೀರ್ಮಾನಿಸಿದವರು ಎರಡು ಮಾದರಿಗಳ ನಡುವೆ ಆಯ್ಕೆ ಮಾಡಲು ನಕ್ಷತ್ರಗಳನ್ನು ನೋಡಬಹುದು. ಚೆನ್ನಾಗಿರುವ ಹಳೆಯದನ್ನು ಬಿಸಾಡಲು ಅದು ಕಾರಣವಾಗದು.

ಬಿಸಿನೀರಿನ ತೊಳೆತದ ವಿಷಯ ಮಾತ್ರ ಭಿನ್ನ. ಹದಿನೈದು ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್‌ಗೂ ಹೆಚ್ಚು ಬೇಕು. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೊಂಡ ಗೃಹಜ್ಯೋತಿ ಯೋಜನೆಯಡಿ ಪ್ರತಿ ಮನೆಗೆ ಅದರ ಹಿಂದಿನ ಸರಾಸರಿಯ ಆಧಾರದ ಮೇಲೆ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸಲಾಗಿದೆ. ಅದಕ್ಕಿಂತ ಹೆಚ್ಚಿದ ಬಳಕೆಗೆ ಶುಲ್ಕವಿದ್ದು, ತಿಂಗಳಿಗೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಮಿತಿಯ ಅಂಚಿನಲ್ಲಿರುವ ಮನೆಗಳು ಹೀಟರ್ ಇರುವ ಯಂತ್ರ ಅಥವಾ ಡ್ರೈಯರ್ ಕೊಳ್ಳುವ ಮುನ್ನ ಹಳೆಯ ಬಿಲ್ಲುಗಳನ್ನು ಪರಿಶೀಲಿಸಿಕೊಳ್ಳುವುದು.

ನೀರಿನ ಪ್ರಶ್ನೆ

ಈ ತಾಲ್ಲೂಕಿನಲ್ಲಿ ವಿದ್ಯುತ್ತಿಗಿಂತ ನೀರೇ ಮುಖ್ಯ ಪ್ರಶ್ನೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ನೀರು. ಮೇಲಿನಿಂದ ಬಟ್ಟೆ ಹಾಕುವ ಪೂರ್ಣ ಸ್ವಯಂಚಾಲಿತ ಯಂತ್ರ ಒಂದು ಬಾರಿಗೆ ನೂರು ಲೀಟರ್ ಮೀರಿ ಬಳಸಬಹುದು, ಅಂದರೆ ಇಬ್ಬರ ಒಂದು ದಿನದ ಪಾಲು. ಮುಂಭಾಗ ಬಾಗಿಲಿನ ಯಂತ್ರಕ್ಕೆ ಹೆಚ್ಚು ಕಡಿಮೆ ಅದರ ಅರ್ಧ ಸಾಕು. ಹೀಗಿದ್ದರೂ, ಬೇಸಿಗೆಯಲ್ಲಿ ನಲ್ಲಿ ನೀರು ನಿಂತಾಗ ಕೊಡದಲ್ಲಿ ತುಂಬಿ ನಡೆಸಬಹುದಾದದ್ದು ಅರೆ ಸ್ವಯಂಚಾಲಿತ ಯಂತ್ರ. ಬಿಳಿ ಬಟ್ಟೆ ತೊಳೆದ ಸೋಪಿನ ನೀರಿನಲ್ಲಿಯೇ ಹೊಲದ ಬಟ್ಟೆ ತೊಳೆಯುವ, ಕೊನೆಯ ಜಾಲಿಸಿದ ನೀರನ್ನು ಮುಂದಿನ ಸರದಿಗೆ ಎತ್ತಿಡುವ ನಮ್ಮ ಗೃಹಿಣಿಯರ ಪದ್ಧತಿ ಅದರಲ್ಲಿ ಮಾತ್ರ ಸಾಧ್ಯ. ಹಳೆಯ ಅರೆ ಸ್ವಯಂಚಾಲಿತ ಯಂತ್ರವನ್ನು ಕೊಟ್ಟು ಪೂರ್ಣ ಸ್ವಯಂಚಾಲಿತಕ್ಕೆ ಬದಲಾಯಿಸುವವರು ಈ ಸೌಲಭ್ಯ ಕಳೆದುಕೊಳ್ಳುತ್ತಾರೆ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ನೀರಿನ ಗಡಸುತನವೂ ಗಣನೆಗೆ ಬರಬೇಕು. ಗಟ್ಟಿ ಶಿಲೆಯ ಪ್ರದೇಶದ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿರುವುದು ಸಾಮಾನ್ಯ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಅಪೇಕ್ಷಣೀಯ, ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೆ ಅನುಮತಿ ಇದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಯಂತ್ರದ ಹೀಟರ್ ಮತ್ತು ಕವಾಟಗಳ ಮೇಲೂ ಅದೇ ಪೊರೆ ಕಟ್ಟುತ್ತದೆ, ಸೋಪನ್ನೂ ಹೆಚ್ಚು ತಿನ್ನುತ್ತದೆ. ನೀರು ನಿಧಾನವಾಗಿ ತುಂಬುತ್ತಿದ್ದರೆ ಒಳಹರಿವಿನ ಜಾಲರಿಯಲ್ಲಿ ಮರಳು ಕಟ್ಟಿದೆಯೇ ಎಂದು ನೋಡುವುದು ಮನೆಯವರೇ ಮಾಡಬಹುದಾದ ಕೆಲಸ. ಕೆಲವು ತಿಂಗಳಿಗೊಮ್ಮೆ ಖಾಲಿ ಯಂತ್ರದಲ್ಲಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಹಾಕಿ ತಿರುಗಿಸುವುದರಿಂದ ಪೊರೆ ಕರಗುತ್ತದೆ. ಗಡಸು ನೀರಿನ ಮನೆಗಳಲ್ಲಿ ಮೇಲಿನ ಲೆಕ್ಕದ ಬಾಳಿಕೆಯನ್ನು ಒಂದೆರಡು ವರ್ಷ ಕಡಿಮೆ ಹಿಡಿಯುವುದು ವಾಸ್ತವಕ್ಕೆ ಹತ್ತಿರ. ಈ ಮಾತು ಹೊಸ ಯಂತ್ರಕ್ಕೂ ಸಲ್ಲುತ್ತದೆ.

ದುರಸ್ತಿ ಮಾಡಿಸುವಾಗ

ವಾರಂಟಿ ಕಾರ್ಡನ್ನು ಮೊದಲು ಓದತಕ್ಕದ್ದು. ‘ಮೋಟಾರಿಗೆ ಹತ್ತು ವರ್ಷ’ ಎಂಬ ದೊಡ್ಡ ಅಕ್ಷರಗಳ ವಾರಂಟಿಯು ಅನೇಕ ವೇಳೆ ಮೋಟಾರೆಂಬ ಭಾಗಕ್ಕೆ ಮಾತ್ರ ಸೀಮಿತವಾಗಿದ್ದು, ಕೂಲಿ, ಭೇಟಿ ಶುಲ್ಕ ಮತ್ತು ಎಲೆಕ್ಟ್ರಾನಿಕ್ ಬೋರ್ಡ್ ಅದರಲ್ಲಿ ಸೇರಿರುವುದಿಲ್ಲ. ಹಾಗಿದ್ದರೂ ಮೋಟಾರಿನ ಬೆಲೆ ಉಳಿಯುವುದರಿಂದ ಕಾರ್ಡ್ ಹುಡುಕುವ ಶ್ರಮ ವ್ಯರ್ಥವಲ್ಲ. ಬಿಡಿಭಾಗಗಳು ಹಾಗೂ ದುರಸ್ತಿ ಸೇವೆಯ ಮಾಹಿತಿಯನ್ನು ಒಂದೆಡೆ ಒದಗಿಸಲು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 24-12-2022ರಂದು ‘ದುರಸ್ತಿಯ ಹಕ್ಕು’ ಪೋರ್ಟಲ್ ಅನ್ನು ಆರಂಭಿಸಿತು.

ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯುವುದು, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು, ಹೊಸ ಭಾಗಕ್ಕೆ ಎಷ್ಟು ತಿಂಗಳ ಖಾತರಿ ಎಂಬುದನ್ನು ರಸೀದಿಯಲ್ಲಿ ಬರೆಸುವುದು ಈ ಮೂರನ್ನೂ ಬಿಡಬಾರದು. ಊರಿನ ಸಣ್ಣ ಮೆಕ್ಯಾನಿಕ್ ಜಿ.ಎಸ್.ಟಿ. ನೋಂದಣಿ ಹೊಂದಿರದಿದ್ದರೂ ಸಾದಾ ಹಾಳೆಯಲ್ಲಿ ದಿನಾಂಕ ಸಹಿತ ರಸೀದಿ ಕೊಡಲು ಅಡ್ಡಿಯೇನೂ ಇಲ್ಲ.

ಹೊಸದನ್ನು ಕೊಳ್ಳುವಾಗ

‘ಶೂನ್ಯ ಬಡ್ಡಿ’ ಕಂತುಗಳ ಬಗ್ಗೆ ಎಚ್ಚರ ಅಗತ್ಯ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ ತಿಂಗಳಲ್ಲಿ ಬ್ಯಾಂಕುಗಳಿಗೆ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಬಡ್ಡಿಯು ಸಂಸ್ಕರಣಾ ಶುಲ್ಕದ ರೂಪದಲ್ಲಿಯೋ, ನಗದು ಖರೀದಿಗೆ ಸಿಗಬಹುದಾಗಿದ್ದ ರಿಯಾಯಿತಿಯ ರೂಪದಲ್ಲಿಯೋ ಅಡಗಿರುತ್ತದೆ. ‘ನಗದು ಕೊಟ್ಟರೆ ಎಷ್ಟು?’ ಎಂದು ಕೇಳಿದರೆ ಅದು ಹೊರಬೀಳುತ್ತದೆ. ವಿನಿಮಯ ಮೊತ್ತವನ್ನು ಕೂಡ ಹಾಗೆಯೇ, ಹಳೆಯ ಯಂತ್ರ ಕೊಡದಿದ್ದಲ್ಲಿ ಬೆಲೆ ಎಷ್ಟೆಂದು ಮೊದಲು ಕೇಳಿ, ನಂತರ ವಿನಿಮಯದ ಮಾತು ಎತ್ತುವುದು.

ಹಳೆಯ ಯಂತ್ರ ವಿನಿಮಯಕ್ಕೆ ಹೋಗದಿದ್ದರೆ ಅದು ಇ-ತ್ಯಾಜ್ಯ. 1-4-2023ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬಟ್ಟೆ ತೊಳೆಯುವ ಯಂತ್ರಗಳು ಬರುತ್ತವೆ. ನೋಂದಾಯಿತ ಮರುಬಳಕೆದಾರರಿಗೆ ತಲುಪುವ ವ್ಯವಸ್ಥೆ ಕಲ್ಪಿಸುವುದು ಉತ್ಪಾದಕರ ಹೊಣೆ. ಗುಜರಿಯವರು ತಂತಿ ಸುಟ್ಟು ತಾಮ್ರ ತೆಗೆಯುವ ಹೊಗೆ ಊರಿನವರೇ ಕುಡಿಯಬೇಕಾದ ಹೊಗೆ.

ದೂರು ಸಲ್ಲಿಸುವ ಬಗೆ

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ದಿನಾಂಕ 20-7-2020ರಿಂದ ಜಾರಿಗೆ ಬಂದಿದ್ದು, ಹೊಸ ಯಂತ್ರದ ದೋಷಕ್ಕೂ ದುರಸ್ತಿ ಸೇವೆಯ ನ್ಯೂನತೆಗೂ ಅನ್ವಯಿಸುತ್ತದೆ. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ವ್ಯಾಖ್ಯೆಗೆ ಒಳಪಡುತ್ತದೆ. ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಎಂಬ ಫಲಕಕ್ಕೆ ದೋಷಯುಕ್ತ ವಸ್ತುವಿನ ವಿಷಯದಲ್ಲಿ ಕಾನೂನಿನ ಬೆಂಬಲವಿಲ್ಲ.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅನೇಕ ದೂರುಗಳು ಈ ಹಂತದಲ್ಲಿಯೇ ಇತ್ಯರ್ಥವಾಗುತ್ತವೆ. ಆಗದಿದ್ದಲ್ಲಿ ಮಾರಾಟಗಾರರಿಗೆ ಅಥವಾ ಸೇವಾ ಕೇಂದ್ರಕ್ಕೆ ಲಿಖಿತ ನೋಟಿಸ್ ನೀಡಿ, ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದಾಗಿದೆ. ಈಗಿನ ಕಾಯ್ದೆಯ ಒಂದು ಮುಖ್ಯ ಬದಲಾವಣೆ ಗ್ರಾಮೀಣ ಗ್ರಾಹಕರಿಗೆ ಬಹಳ ಅನುಕೂಲಕರ: ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಅಂದರೆ ಮೈಸೂರಿನ ಅಥವಾ ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಯಂತ್ರದ ಬಗ್ಗೆ ಭೀಮನಬೀಡಿನ ನಿವಾಸಿಯು ಚಾಮರಾಜನಗರದ ಆಯೋಗದಲ್ಲಿಯೇ ದಾವೆ ಹೂಡಬಹುದು. ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿಯವರೆಗಿನ ದೂರುಗಳಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ದೂರಿನೊಂದಿಗೆ ಬಿಲ್ಲು, ವಾರಂಟಿ ಕಾರ್ಡ್, ದುರಸ್ತಿ ರಸೀದಿಗಳು ಮತ್ತು ನೋಟಿಸಿನ ಪ್ರತಿಯನ್ನು ಲಗತ್ತಿಸಬೇಕು. ಬಿಲ್ಲಿನ ಶಾಖ ಕಾಗದದ ಮುದ್ರಣ ಒಂದೆರಡು ವರ್ಷಗಳಲ್ಲಿ ಅಳಿಸಿಹೋಗುವುದರಿಂದ, ಕೊಂಡ ದಿನವೇ ಅದರ ಜೆರಾಕ್ಸ್ ಪ್ರತಿ ತೆಗೆಸಿ ಇಟ್ಟುಕೊಳ್ಳಲು ಕೋರಲಾಗಿದೆ.